ಬೆಟ್ನರ್ ಬಳಗದ ಶ್ರುತಿ ಪರೀಕ್ಷೆ

ಗ್ಯಾರೇಜಿನ ಕಡೆಯಿಂದ ಟಿಣ್ ಎಂದು ಸಣ್ಣ ಸದ್ದೊಂದು ಬಂದಾಗ ರಾತ್ರಿ ಒಂದೂವರೆಯಾಗಿತ್ತು. ವಿನೋದಾ ಕಣ್ಣು ಬಿಟ್ಟಳು. ಅವಳ ನಿದ್ದೆಯೇ ಅಂಥದು. ಪಕ್ಕದ ಮನೆಯ ನಾಯಿ ಮಗ್ಗುಲು ಬದಲಿಸಿದರೂ ಅವಳಿಗೆ ಗೊತ್ತಾಗುತ್ತಿತ್ತು.

“ರೀ, ಕೇಳಿಸ್ತಾ?”

“ಏನು?” ಗೋಪಿನಾಥ ದಿಂಬಿನೊಳಗಿಂದಲೇ ಕೇಳಿದ.

“ಗ್ಯಾರೇಜಲ್ಲಿ ಏನೋ ಬಿತ್ತು.”

“ನಿಂಬೆಹಣ್ಣು ಉರುಳಿರ್ಬೇಕು. ಮಲಕ್ಕೋ.”

“ನಿಂಬೆಹಣ್ಣು ಟಿಣ್ ಅನ್ನಲ್ಲ.”

“ವಿನು, ಒಂದು ರಾತ್ರಿ, ಒಂದೇ ಒಂದು ರಾತ್ರಿ ಏನನ್ನೂ ಚೆಕ್ ಮಾಡದೆ ಮಲಗೋಕೆ ಆಗುತ್ತಾ ನಿನ್ನ ಕೈಲಿ? ಟ್ರೈ ಮಾಡು.”

ಮಾತು ಚುಚ್ಚಿತು. ಒಲೆಯ ಗುಂಡಿಗಳನ್ನು ಮೂರು ಸಲ, ಬಾಗಿಲ ಚಿಲಕವನ್ನು ಎರಡು ಸಲ ಮುಟ್ಟಿ ನೋಡದೆ ಮಲಗಿದವಳಲ್ಲ ವಿನೋದಾ. ಆ ರಾತ್ರಿ ಮಾತ್ರ ಹಟಕ್ಕೆ ಬಿದ್ದು, ಹೊದಿಕೆಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಏಳದೆ ಉಳಿದಳು.

ಅದು 1982ರ ಅಕ್ಟೋಬರ್. ಸ್ಯಾನ್ ಡಿಯಾಗೋದ ಮೀರಾ ಮೆಸಾದಲ್ಲಿದ್ದ ಅವರ ಮನೆಯ ಗ್ಯಾರೇಜಿನಲ್ಲಿ ಆ ಸಂಜೆಯಷ್ಟೇ ಆಯುಧಪೂಜೆ ಆಗಿತ್ತು. ಸ್ಟೇಷನ್ ವ್ಯಾಗನ್ನಿಗೆ ಚೆಂಡುಹೂವಿನ ಹಾರ, ಹುಲ್ಲು ಕತ್ತರಿಸುವ ಯಂತ್ರಕ್ಕೆ ಕುಂಕುಮ, ಸ್ಕ್ರೂಡ್ರೈವರುಗಳಿಗೆ ಒಂದೊಂದು ಬೊಟ್ಟು. ಇವೆಲ್ಲಕ್ಕಿಂತ ದೊಡ್ಡ ಪೂಜೆ ಗೋಡೆಗೆ ಒರಗಿಸಿದ್ದ ಹತ್ತು ಕೋಲುಗಳಿಗೆ. ಹಿಮದ ಇಳಿಜಾರಿನಲ್ಲಿ ಸ್ಕೀ ಮಾಡುವವರು ಎರಡೂ ಕೈಯಲ್ಲಿ ಹಿಡಿಯುವ, ಅಲ್ಯೂಮಿನಿಯಮ್ಮಿನ, ನೀಲಿ ಬಣ್ಣದ ಕೋಲುಗಳು. ಐದು ಕುಟುಂಬಗಳ ಐದು ಜೊತೆ. ಎಲ್ಲವೂ ಬೆಟ್ನರ್ ಕಂಪನಿಯವು.

ಬೆಟ್ನರ್ ಎಂಬ ಮನುಷ್ಯ ಲಾಸ್ ಏಂಜಲೀಸಿನ ಒಂದು ತಗಡಿನ ಶೆಡ್ಡಿನಲ್ಲಿ, ಹಿಮದ ಒಂದು ಹನಿಯೂ ಬೀಳದ ಬೀದಿಯಲ್ಲಿ, ವಿಮಾನದ ಕಾರ್ಖಾನೆಗಳಲ್ಲಿ ಮಿಕ್ಕಿದ ಲೋಹ ತಂದು ಈ ಕೋಲುಗಳನ್ನು ಮಾಡುತ್ತಿದ್ದ. 1973ರ ಕೊನೆಯಲ್ಲಿ ಅಂಗಡಿ ಮುಚ್ಚಿದ. ಅಮೆರಿಕದಲ್ಲಿ ಯಾರೂ ಅದನ್ನು ಗಮನಿಸಲಿಲ್ಲ. ಗಮನಿಸಿದವರು ದಕ್ಷಿಣ ಕ್ಯಾಲಿಫೋರ್ನಿಯದ ಐವರು ಕನ್ನಡಿಗರು ಮಾತ್ರ. ಅವರು ಸಭೆ ಸೇರಿ ಒಂದು ನಿಮಿಷ ಮೌನ ಆಚರಿಸಿ, ‘ಬೆಟ್ನರ್ ಬಳಗ’ ಎಂದು ಹೆಸರಿಟ್ಟುಕೊಂಡು, ಉತ್ಪಾದನೆಯನ್ನು ಮತ್ತೆ ಆರಂಭಿಸಬೇಕೆಂದು ಮನವಿ ಬರೆದರು. ಆಮೇಲೆ ವರ್ಷಕ್ಕೊಂದು ಮನವಿ. ಆ ಶೆಡ್ಡಿನಲ್ಲಿ ಈಗ ಅಂಗಳದ ಕುರ್ಚಿ ಮಾಡುವವರಿದ್ದರು. ಅವರೂ ಸಭ್ಯರು, ಪ್ರತಿವರ್ಷ ಉತ್ತರ ಬರೆಯುತ್ತಿದ್ದರು: ತಮಗೆ ಸ್ಕೀ ಕೋಲಿನ ವಿಷಯ ಗೊತ್ತಿಲ್ಲ, ಕುರ್ಚಿ ಬೇಕಿದ್ದರೆ ರಿಯಾಯಿತಿ ಕೊಡುತ್ತೇವೆ. ಬಳಗದ ಕಡತದಲ್ಲಿ ಆ ಪತ್ರಗಳು ‘ಮಾತುಕತೆ ಮುಂದುವರಿದಿದೆ’ ಎಂಬ ತಲೆಬರಹದಡಿ ಇದ್ದವು.

ಇಷ್ಟು ನಿಷ್ಠೆಯ ಬಳಗ ಎಷ್ಟು ಸ್ಕೀ ಮಾಡುತ್ತಿತ್ತು ಎಂದರೆ, ಪ್ರತಿ ಡಿಸೆಂಬರಿನಲ್ಲಿ ಬಿಗ್ ಬೇರ್ ಬೆಟ್ಟದ ಮೇಲೆ ಎರಡು ದಿನ ಕ್ಯಾಬಿನ್ ಹಿಡಿದು, ಮಕ್ಕಳು ಕಲಿಯುವ ಇಳಿಜಾರಿನ ಬುಡದಲ್ಲಿ ಕೋಲೂರಿ ನಿಂತು ಫೋಟೋ ತೆಗೆಸಿಕೊಳ್ಳುತ್ತಿತ್ತು. ಮೇಲಕ್ಕೆ ಹೋಗುವ ಲಿಫ್ಟು ಹತ್ತಿದವರು ಈವರೆಗೆ ಇಬ್ಬರು. ಅವರಲ್ಲಿ ಒಬ್ಬರು ಅದನ್ನು ಶೌಚಾಲಯದ ಸಾಲು ಎಂದುಕೊಂಡು ನಿಂತಿದ್ದವರು.

ಐದು ವರ್ಷದಿಂದ ಈ ಆಯುಧಪೂಜೆ ವರ್ಷಕ್ಕೊಬ್ಬರ ಮನೆಯಲ್ಲಿ. ಐವರಲ್ಲಿ ಕೊನೆಯವನಾಗಿ ಸೇರಿದ ಗೋಪಿನಾಥನಿಗೆ ಸರದಿ ಬಂದದ್ದು ಇದೇ ಮೊದಲು. ನವಮಿ ವಾರದ ನಡುವೆ ಬಂದದ್ದರಿಂದ ಉಳಿದವರು ಹಿಂದಿನ ಭಾನುವಾರವೇ ಕೋಲುಗಳನ್ನು ತಂದೊಪ್ಪಿಸಿ ಹೋಗಿದ್ದರು. ಡಿಸೆಂಬರಿನ ತನಕ ಅವು ಇಲ್ಲೇ ಇದ್ದು, ಇದೇ ವ್ಯಾಗನ್ನಿನಲ್ಲಿ ಬಿಗ್ ಬೇರ್‌ಗೆ ಹೋಗಬೇಕು.

“ಅಮ್ಮಾ, ದೇ ಆರ್ ಜಸ್ಟ್ ಪೋಲ್ಸ್,” ಎಂದಿದ್ದಳು ಒಂಬತ್ತು ವರ್ಷದ ಮಗಳು ಅನು, ಮಂಗಳಾರತಿಗೆ ಕೈಮುಗಿಯುತ್ತ.

“ಹಾಗನ್ನಬಾರ್ದು,” ಎಂದಿದ್ದ ಗೋಪಿನಾಥ, ಗಾಬರಿಯಿಂದ ಸುತ್ತ ನೋಡಿ.

ಬೆಳಿಗ್ಗೆ ಅವನು ಸಹೋದ್ಯೋಗಿಯ ಕಾರಿನಲ್ಲಿ ಆಫೀಸಿಗೆ ಹೋದ. ತಮ್ಮ ಕಾರು ನಿಂಬೆಹಣ್ಣು ತುಳಿಯದೆ ಹೊರಡುವಂತಿರಲಿಲ್ಲ, ಅದಕ್ಕೆ ಒಂಬತ್ತೂಕಾಲರ ನಂತರವೇ ಒಳ್ಳೆಯ ಗಳಿಗೆ ಎಂದು ಕೃಷ್ಣಸ್ವಾಮಿ ಫೋನಿನಲ್ಲಿ ಹೇಳಿದ್ದರು. ಕೃಷ್ಣಸ್ವಾಮಿ ಬಳಗದ ಕಾರ್ಯದರ್ಶಿ. ಸ್ಯಾಂಟಾ ಕ್ಲಾರಿಟಾ ಕಡೆ ಮನೆ, ಲೋಹಶಾಸ್ತ್ರದಲ್ಲಿ ಡಾಕ್ಟರೇಟು, ಪಂಚಾಂಗದಲ್ಲಿ ಅದಕ್ಕಿಂತ ಹೆಚ್ಚಿನ ಅಧಿಕಾರ.

ಒಂಬತ್ತೂಕಾಲಿಗೆ ವಿನೋದಾ ಮೊಣಕಾಲೂರಿ ಚಕ್ರಗಳ ಕೆಳಗೆ ನೋಡಿದಳು. ಒಂದು, ಎರಡು, ಮೂರು ನಿಂಬೆಹಣ್ಣು. ನಾಲ್ಕನೆಯ ಚಕ್ರ ಗೋಡೆಯ ಕಡೆಗಿತ್ತು, ಕತ್ತಲೆ. ಬಗ್ಗಿ ನೋಡಲು ಹೊರಟವಳು ಗಂಡನ ಮಾತು ನೆನಪಾಗಿ ಎದ್ದುಬಿಟ್ಟಳು. ಕಾರು ಹತ್ತಿ, ಕನ್ನಡಿ ಸರಿಮಾಡಿ, ಹಿಂದಕ್ಕೆ ತೆಗೆದಳು.

ಪಚ್. ಪಚ್. ಪಚ್. ಪಚ್. ಆಮೇಲೆ, ಲೆಕ್ಕಕ್ಕಿಲ್ಲದ ಇನ್ನೊಂದು ಸದ್ದು: ಕರಕ್.

ರಾತ್ರಿ ಜಾರಿ ಬಿದ್ದ ಕೋಲು ಹಿಂದಿನ ಚಕ್ರದ ಹಿಂದೆ ಅಡ್ಡಲಾಗಿ ಮಲಗಿತ್ತು. ಈಗ ಅದರ ನಡು ಅಪ್ಪಳಿಸಿದ ಹಪ್ಪಳ. ಮುರಿದಿತ್ತು ಎನ್ನುವಂತಿಲ್ಲ, ಬಾಗಿತ್ತು ಎಂದರೆ ಸುಳ್ಳಾಗುತ್ತದೆ. ಮೇಲಿನ ಹಿಡಿಗೆ ವಿಭೂತಿಯ ಮೂರು ಗೆರೆ ಎಳೆದಿತ್ತು. ಹತ್ತು ಕೋಲಿನಲ್ಲಿ ವಿಭೂತಿ ಇದ್ದದ್ದು ಎರಡಕ್ಕೆ ಮಾತ್ರ.

ವಿನೋದಾ ಆ ಹಿಡಿಯನ್ನು ಮೂರು ಸಲ ತಿರುಗಿಸಿ ನೋಡಿದಳು. ಅದು ಡಾಕ್ಟರ್ ಸಂಗನಬಸಪ್ಪನವರ ಕೋಲು.

ಸಂಗನಬಸಪ್ಪ ಬಳಗದ ಸಂಸ್ಥಾಪಕರು. ಧಾರವಾಡದ ಕಡೆಯವರು, ಸೂಕ್ಷ್ಮಜೀವಿಶಾಸ್ತ್ರಜ್ಞರು, ಮನೆ ಕಾರ್ಲ್ಸ್‌ಬಾಡಿನಲ್ಲಿ, ಸ್ವಂತ ಲ್ಯಾಬು ಸೊರೆಂಟೊ ವ್ಯಾಲಿಯಲ್ಲಿ. ಆ ಲ್ಯಾಬಿನ ಶೀತಲಕೋಣೆಯಲ್ಲಿ ಸಾವಿರಾರು ಬಾಟಲಿಗಳು, ಪ್ರತಿಯೊಂದಕ್ಕೂ ಒಂದು ಲೇಬಲ್ಲು. ಅವುಗಳನ್ನು ನೋಡಿಕೊಳ್ಳುವವರು ಬೇಕಾಗಿದ್ದರು. ವಿನೋದಾ ಮೈಸೂರಿನಲ್ಲಿ ಸಸ್ಯಶಾಸ್ತ್ರದ ಎಂ.ಎಸ್ಸಿ. ಮುಗಿಸಿದವಳು. ಅಮೆರಿಕಕ್ಕೆ ಬಂದು ಒಂಬತ್ತು ವರ್ಷ. ಅರ್ಜಿ ಹಾಕಿದಲ್ಲೆಲ್ಲ ‘ಇಲ್ಲಿನ ಅನುಭವ ಇಲ್ಲ’ ಎಂಬ ಒಂದೇ ಉತ್ತರ. ಮಗಳನ್ನು ಶಾಲೆಗೆ ಬಿಟ್ಟು ಬಂದ ಮೇಲಿನ ಆ ಐದು ಗಂಟೆ ಹೇಗಿರುತ್ತವೆಂದು ಅವಳು ಯಾರಿಗೂ ಹೇಳಿಕೊಂಡಿರಲಿಲ್ಲ. ಸುಮ್ಮನೆ ಮಸಾಲೆ ಡಬ್ಬಿಗಳ ಮೇಲೆ ಹೆಸರು, ತಾರೀಖು ಬರೆದು ಅಂಟಿಸುತ್ತಿದ್ದಳು. ಸಂಗನಬಸಪ್ಪ ಒಮ್ಮೆ ಊಟಕ್ಕೆ ಬಂದಾಗ ಆ ಡಬ್ಬಿಗಳನ್ನು ನೋಡಿದ್ದರು.

“ಏನವಾ ವಿನೋದಾ, ಜೀರಗಿಗೂ ತಾರೀಖ ಬರದೀಯಲ್ಲ! ನಮ್ಮ ಲ್ಯಾಬಿಗೆ ಇಂಥ ಮನಷ್ಯಾನ ಬೇಕಾಗ್ಯಾನ ನೋಡು. ಡಿಸೆಂಬರ ದಾಟ್ಲಿ, ಹೇಳ್ತೀನಿ.”

ಮತ್ತೆ, ಬೆಟ್ನರ್ ಜೊತೆಯನ್ನು ತಂದೊಪ್ಪಿಸಿದ ಭಾನುವಾರ, ಎಲ್ಲರೆದುರು: “ಲ್ಯಾಬಿನಾಗ ಗಾಜ ಒಡದ್ರ ನಾ ಏನೂ ಅನ್ನಂಗಿಲ್ಲ. ಆದ್ರ ಈ ಬೆಟ್ನರಿಗೆ ಒಂದ ಗೀರ ಬಿದ್ರೂ, ದೇವರಾಣಿ, ಕ್ಷಮಾ ಮಾಡಂಗಿಲ್ಲ. ಇದನ್ನ ಕಾದೋಳು ನನ್ನ ಬಾಟ್ಲಿನೂ ಕಾಯ್ತಾಳ.” ಎಲ್ಲರೂ ನಕ್ಕರು. ಅವರು ನಗಲಿಲ್ಲ.

ಮೊದಲು ಲಟ್ಟಣಿಗೆಯಿಂದ ಲಟ್ಟಿಸಿ ನೋಡಿದಳು. ಕೋಲು ನೆಟ್ಟಗಾಗಲಿಲ್ಲ, ಲಟ್ಟಣಿಗೆಗೆ ನೀಲಿ ಬಣ್ಣ ಹತ್ತಿತು. ಆಮೇಲೆ ಸ್ಯಾನ್ ಡಿಯಾಗೋದ ಆಟದ ಸಾಮಾನಿನ ಅಂಗಡಿಗಳಿಗೆ ಫೋನ್ ಮಾಡಿದಳು. ಸಮುದ್ರದ ಅಲೆಯ ಮೇಲೆ ಜಾರುವ ಹಲಗೆಗಳನ್ನಷ್ಟೇ ಮಾರುವವರಿಗೆ ಬೆಟ್ನರ್ ಎಂಬುದು ಊರೋ ಕಾಯಿಲೆಯೋ ತಿಳಿಯಲಿಲ್ಲ. ಕೊನೆಗೆ ಒಂದು ದಿನ, ಅನು ಶಾಲೆಗೆ ಹೋದ ಕೂಡಲೇ, ಒಬ್ಬಳೇ ಫ್ರೀವೇ ಹತ್ತಿ ಲಾಸ್ ಏಂಜಲೀಸಿಗೆ ಡ್ರೈವ್ ಮಾಡಿದಳು. ಅಷ್ಟು ದೂರ ಅವಳು ಒಬ್ಬಳೇ ಹೋದದ್ದು ಅದೇ ಮೊದಲು. ಬಲಗಡೆಯ ಲೇನು ಬಿಡಲಿಲ್ಲ, ಲಾರಿಗಳು ಹಾರ್ನ್ ಹೊಡೆದವು, ಅವಳು ಪ್ರತಿಯೊಂದಕ್ಕೂ “ಸಾರಿ” ಎಂದಳು, ಕಿಟಕಿ ಮುಚ್ಚಿದ್ದರೂ.

ನಾಲ್ಕನೆಯ ಅಂಗಡಿಯ ನೆಲಮಾಳಿಗೆಯಲ್ಲಿ, ರಿಯಾಯಿತಿಯ ರಾಶಿಯಲ್ಲಿ, ಅದೇ ನೀಲಿ, ಅದೇ ದಪ್ಪದ ಒಂದು ಜೊತೆ ಸಿಕ್ಕಿತು. ‘ಸ್ನೋ-ವ್ಯಾಲ್ಯೂ’ ಎಂಬ ಸೋವಿ ಮಾಲು. ಅಕ್ಕಪಕ್ಕ ಹಿಡಿದು ನೋಡಿದರೆ ಲೇಬಲ್ಲು ಬಿಟ್ಟು ಬೇರೆ ವ್ಯತ್ಯಾಸ ಕಾಣಲಿಲ್ಲ.

ಮರುದಿನ ಇಡ್ಲಿ ಪಾತ್ರೆಯಲ್ಲಿ ನೀರು ಕುದಿಸಿ, ಜಜ್ಜಿದ ಕೋಲಿನ ಬೆಟ್ನರ್ ಲೇಬಲ್ಲನ್ನು ಹಬೆಗೆ ಹಿಡಿದಳು. ಅಂಚು ಮೆಲ್ಲಗೆ ಎದ್ದಿತು. ಉಗುರಿನಿಂದ ಬಿಡಿಸಿ, ಬಾಳೆಯೆಲೆಯ ಮೇಲಿಂದ ಕಡುಬು ಎತ್ತುವ ನಾಜೂಕಿನಲ್ಲಿ ಎತ್ತಿದಳು.

ಅದರ ಕೆಳಗೆ ಇನ್ನೊಂದು ಲೇಬಲ್ಲು ಇತ್ತು. ಮಾಸಿತ್ತು, ಆದರೆ ಓದಲು ಬರುತ್ತಿತ್ತು: ಸ್ನೋ-ವ್ಯಾಲ್ಯೂ.

ವಿನೋದಾ ಒಲೆ ಆರಿಸಿದಳು. ಆರಿಸಿದ್ದೇನೆಯೇ ಎಂದು ಮೂರು ಸಲ ನೋಡಿದಳು. ಆಮೇಲೆ ಕುಳಿತು ಯೋಚಿಸಿದಳು. ಸಂಸ್ಥಾಪಕರ ಬೆಟ್ನರು ಬೆಟ್ನರಲ್ಲ. ಯಾರೋ ಯಾವಾಗಲೋ ಇದೇ ಕೆಲಸವನ್ನು ಇವಳಿಗಿಂತ ಮೊದಲೇ ಮಾಡಿ ಮುಗಿಸಿದ್ದರು. ಡಾಕ್ಟರರೇ? ಅವರಿಗೆ ಗೊತ್ತಿದ್ದರೆ ದೇವರಾಣೆ ಹಾಕುತ್ತಿರಲಿಲ್ಲ. ಹಾಗಾದರೆ ಯಾರು? ಉತ್ತರ ಹೊಳೆಯಲಿಲ್ಲ, ಕೈ ಮಾತ್ರ ಕೆಲಸ ಮುಂದುವರಿಸಿತು. ಹೊಸ ಕೋಲಿನ ಲೇಬಲ್ಲು ಕಿತ್ತು, ಅಲ್ಲಿ ಬೆಟ್ನರನ್ನು ಅಂಟಿಸಿದಳು. ಡಾಕ್ಟರರ ಜೊತೆಯಲ್ಲಿ ಉಳಿದ ಒಂಟಿ ಕೋಲಿನಲ್ಲಿ ಲೇಬಲ್ಲು ತುಸು ಸೊಟ್ಟಗಿತ್ತು. ಹೊಸದರಲ್ಲೂ ಹಾಗೇ ಹಚ್ಚಬೇಕೆಂದು ಅವಳಿಗೆ ಗೊತ್ತಿತ್ತು. ಆದರೆ ಸೊಟ್ಟ ಅಂಟಿಸಲು ಅವಳ ಕೈ ಒಪ್ಪಲಿಲ್ಲ. ಮೂರು ಸಲ ಪ್ರಯತ್ನಿಸಿದಳು, ಮೂರು ಸಲವೂ ಅದು ನೆಟ್ಟಗೇ ಕೂತಿತು. ವಿಭೂತಿಯ ಗೆರೆ ಎಳೆದು, ಕೋಲನ್ನು ಗೋಡೆಗೆ ಒರಗಿಸಿ, ಜಾರದಂತೆ ದಾರ ಕಟ್ಟಿದಳು.

ಡಿಸೆಂಬರಿನಲ್ಲಿ ಎಲ್ಲರೂ ಬಿಗ್ ಬೇರ್‌ನ ಕ್ಯಾಬಿನ್ನಿನಲ್ಲಿ ಸೇರಿದರು. ಚಿತ್ರಾನ್ನವಾದ ಮೇಲೆ ಕೃಷ್ಣಸ್ವಾಮಿ ಗಂಟಲು ಸರಿಮಾಡಿಕೊಂಡು ಎದ್ದು ನಿಂತರು. ಅವರ ಮುಂದೆ ಮೇಜಿನ ಮೇಲೆ ಒಂದು ಚಮಚ, ಒಂದು ಶ್ರುತಿ ಪೆಟ್ಟಿಗೆ.

“ಸ್ನೇಹಿತರೆ, ಒಂದು ಗಂಭೀರವಾದ ವಿಷಯ. ಹೋದ ತಿಂಗಳು ಒಂದು ಹಳೇ ಸಾಮಾನಿನ ಸಂತೇಲಿ ನಾನೊಂದು ಬೆಟ್ನರ್ ನೋಡ್ದೆ. ಲೇಬಲ್ಲು ತಲೆಕೆಳಗಾಗಿ ಅಂಟ್ಸಿತ್ತು. ಅರ್ಥ ಏನು? ಮಾರ್ಕೆಟ್‌ಗೆ ನಕಲಿ ಬಂದಿದೆ.”

ಕೋಣೆಯಲ್ಲಿ ಕಳವಳದ ಗುಜುಗುಜು. ಯಾರೂ ಕೊಳ್ಳದೆ ನಿಂತುಹೋದ ವಸ್ತುವಿಗೆ ನಕಲಿ ಮಾಡುವವನು ಎಂಥ ದಡ್ಡ ಎಂದು ಯಾರೂ ಕೇಳಲಿಲ್ಲ. ನಕಲಿ ಹುಟ್ಟಿದೆಯೆಂದರೆ ಅಸಲಿ ಎಷ್ಟು ದೊಡ್ಡದಿರಬೇಕು ಎಂದು ಐವರಲ್ಲೊಬ್ಬರಾದ ಮಹಾಂತಪ್ಪನವರು ಹೇಳಿದಾಗ ಎಲ್ಲರ ಎದೆ ಒಂದಿಂಚು ಉಬ್ಬಿತು.

“ಆದ್ದರಿಂದ ಇವತ್ತು ಪರೀಕ್ಷೆ. ಲೋಹಕ್ಕೆ ಲೋಹದ್ದೇ ನಾದ ಇರುತ್ತೆ. ಮಿಶ್ರಲೋಹ ಬೇರೆಯಾದ್ರೆ ನಾದ ಬೇರೆ. ಇದು ಸೈನ್ಸು. ಪ್ರಮಾಣ ಕೋಲು ಯಾವ್ದು ಅನ್ನೋದ್ರಲ್ಲಿ ಅನುಮಾನ ಇಲ್ಲ. ಡಾಕ್ಟರು 1966ರಲ್ಲಿ ಬೆಟ್ನರ್ ಶೆಡ್ಡಿಗೇ ಹೋಗಿ, ಬೆಟ್ನರ್ ಕೈಯಿಂದ್ಲೇ ತೊಗೊಂಡದ್ದು.”

“ಅಂವಾ ನನ್ನ ಕೈ ಕುಲುಕಿದ್ದ,” ಎಂದರು ಸಂಗನಬಸಪ್ಪ, ಆ ಕೈಯನ್ನು ನೋಡಿಕೊಂಡು.

ವಿನೋದಾ ನೀರಿನ ಲೋಟ ಕೆಳಗಿಟ್ಟಳು. ಕೃಷ್ಣಸ್ವಾಮಿ ವಿಭೂತಿಯ ಎರಡು ಕೋಲುಗಳನ್ನು ತಿರುಗಿಸಿ ನೋಡಿ, ಲೇಬಲ್ಲು ನೆಟ್ಟಗಿದ್ದುದನ್ನೇ ಆರಿಸಿಕೊಂಡರು. ಹಿಡಿಗೆ ಕಟ್ಟಿದ್ದ ಪಟ್ಟಿಯಿಂದ ಕೋಲನ್ನು ತೂಗಾಡಿಸಿ ಚಮಚದಿಂದ ತಟ್ಟಿದರು. ಕಣ್ಣು ಮುಚ್ಚಿ, ಶ್ರುತಿ ಪೆಟ್ಟಿಗೆಯನ್ನು ಅದಕ್ಕೆ ಹೊಂದಿಸಿದರು. ಕ್ಯಾಬಿನ್ನಿನ ತುಂಬ ಗುಂಯ್ ಎಂಬ ನಾದ ತುಂಬಿತು.

“ಆಹಾ! ಷಡ್ಜ. ಇದು ಅಸಲಿ.” ಜೊತೆಯ ಇನ್ನೊಂದನ್ನು ತಟ್ಟಿದರು. ಹೊಂದಿತು. “ನೋಡಿ, ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ.”

ಅಂಥ ಹೊಂದಾಣಿಕೆ ಸ್ನೋ-ವ್ಯಾಲ್ಯೂ ಕಂಪನಿಗೆ ಸಲ್ಲಬೇಕಾದ ಶ್ಲಾಘನೆ ಎಂದು ಗೊತ್ತಿದ್ದವಳು ಆ ಕೋಣೆಯಲ್ಲಿ ತಾನೊಬ್ಬಳೇ ಎಂದುಕೊಂಡಳು ವಿನೋದಾ.

“ಮುಂದೆ, ಗೋಪಿನಾಥ.”

ಗೋಪಿನಾಥ ತನ್ನ ಜೊತೆಯನ್ನು ಮಗುವನ್ನು ಕೊಡುವಂತೆ ಕೊಟ್ಟ. ಅದನ್ನು ಅವನು 1973ರಲ್ಲಿ, ಅಮೆರಿಕಕ್ಕೆ ಬಂದ ಎರಡನೆಯ ವರ್ಷ, ಬೆಟ್ನರನ ಶೆಡ್ಡಿನಿಂದಲೇ ತಂದಿದ್ದ. ಬಳಗ ಅವನನ್ನು ಸೇರಿಸಿಕೊಂಡದ್ದೇ ಆ ಕೋಲಿನ ಬಲದ ಮೇಲೆ. ಕೃಷ್ಣಸ್ವಾಮಿ ತಟ್ಟಿದರು. ಶ್ರುತಿ ಪೆಟ್ಟಿಗೆಯ ನಾದಕ್ಕೂ ಇದಕ್ಕೂ ಮಧ್ಯೆ ಹಲ್ಲು ಜುಮ್ಮೆನ್ನುವಷ್ಟು ಅಂತರವಿತ್ತು. ಸಂಗೀತ ಬಾರದ ಅನುವೂ ಕಿವಿ ಮುಚ್ಚಿಕೊಂಡಳು.

“ಅಪಸ್ವರ,” ಎಂದರು ಕೃಷ್ಣಸ್ವಾಮಿ ಮೆಲ್ಲಗೆ.

“ಇನ್ನೊಂದ್ಸಲ ನೋಡಿ ಸಾರ್. ಚಳಿಗೆ ಲೋಹ ಕುಗ್ಗಿರಬಹುದು,” ಎಂದ ಗೋಪಿನಾಥ.

“ಎಲ್ಲಾದಕ್ಕೂ ಅದೇ ಚಳಿ ಕಣಯ್ಯಾ.”

ಮಹಾಂತಪ್ಪನವರದು ಅಪಸ್ವರ. ಡಾಕ್ಟರ್ ಸತ್ಯಮೂರ್ತಿಯವರದು ಅಪಸ್ವರ. ಸತ್ಯಮೂರ್ತಿ ಹೃದ್ರೋಗ ತಜ್ಞರು, ಜೀವಮಾನವಿಡೀ ಇತರರಿಗೆ ಕೆಟ್ಟ ಸುದ್ದಿ ಹೇಳಿದವರು, ಈಗ ಕುರ್ಚಿ ಹುಡುಕಿದರು. ಕೊನೆಗೆ ಕೃಷ್ಣಸ್ವಾಮಿ ತಮ್ಮದನ್ನೇ ತಟ್ಟಿಕೊಂಡರು. ಬಹಳ ಹೊತ್ತು ಕೇಳಿಸಿಕೊಂಡರು. ಅವರು ಪ್ರಾಮಾಣಿಕ ಮನುಷ್ಯ.

“ನಂದೂ ನಕಲಿ,” ಎಂದರು. “ಹದಿನಾಲ್ಕು ವರ್ಷ ಆಯ್ತು.”

ನಾಲ್ಕು ಜೊತೆ ಅಸಲಿ ಬೆಟ್ನರುಗಳು ಅಪರಾಧಿಗಳಂತೆ ಮೂಲೆಯಲ್ಲಿ ನಿಂತಿದ್ದವು. ವಿನೋದಾಳ ಬಾಯಿ ತೆರೆದುಕೊಂಡಿತು. ಒಂದು ವಾಕ್ಯ ಸಾಕಿತ್ತು. ಆ ವಾಕ್ಯದ ಮೊದಲ ಪದ ಯಾವುದಿರಬೇಕೆಂದು ಅವಳು ಹುಡುಕುತ್ತಿರುವಾಗಲೇ ಅಡುಗೆಮನೆಯಿಂದ ಕೂಗು ಬಂತು.

“ವಿನೋದಾ! ಎಣ್ಣಿ ಕಾದೇತಿ, ಬಾ ಇಲ್ಲೆ!”

ಕೂಗಿದವರು ಶಾರದವ್ವ, ಸಂಗನಬಸಪ್ಪನವರ ಹೆಂಡತಿ. ವಿನೋದಾ ಹೋಗಿ ನೋಡಿದರೆ ಒಲೆಯ ಮೇಲೆ ಎಣ್ಣೆಯೇ ಇರಲಿಲ್ಲ. ಶಾರದವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು.

“ಅಂಟು ಯಾವ ಕಂಪನೀದು?”

“ಯಾವ ಅಂಟು, ಶಾರದಕ್ಕ?”

“ನಾ ಸೊಟ್ಟ ಹಚ್ಚಿದ್ದೆ, ಎರಡೂ. ಐದ ವರ್ಷದಿಂದ ಸೊಟ್ಟನ ಇದ್ದೂ. ಈಗ ಒಂದು ಸೊಟ್ಟ, ಒಂದು ನೆಟ್ಟಗ. ಇಷ್ಟ ನೆಟ್ಟಗ ಹಚ್ಚೋ ಕೈ ಈ ಬಳಗದಾಗ ಒಂದ ಐತಿ. ಜೀರಗಿ ಡಬ್ಬಿಗೆ ತಾರೀಖ ಬರಿಯೂ ಕೈ.”

“ನೀವಾ? ನೀವೇ ಮೊದಲು...”

“ಮತ್ತೇನ ಮಾಡ್ಲಿ? ಹಿತ್ತಲದಾಗ ಹೀರಿಬಳ್ಳಿ ಹಬ್ಬಿತ್ತು. ಆಸರಕ್ಕ ಎರಡು ಕೋಲ ಬೇಕಾಗಿದ್ದೂ. ಗ್ಯಾರೇಜಿನಾಗ ಇವು ಸುಮ್ನ ನಿಂತಿದ್ದೂ, ತೊಗೊಂಡ ಹೋಗಿ ಹುಗದೆ. ಹೀರಿಕಾಯಿ ಏನ ಚಲೋ ಬಿಟ್ಟೂವು ಅಂತೀ! ಬಳ್ಳಿ ಒಣಗಿದ ಮ್ಯಾಲ ತೋಟದಾಂವ ಬಂದು ಬಳ್ಳಿ ಕೂಡ ಕೋಲನ್ನೂ ಕಸದ ಗಾಡಿಗೆ ಹಾಕಿಬಿಟ್ಟ. ಲೇಬಲ್ಲ ಅಷ್ಟ ಉಳದಿದ್ದೂ, ಅಂಥಾವ ಸೋವಿ ಕೋಲ ತಂದು ಅವನ್ನ ಹಚ್ಚಿದೆ.”

“ಲೇಬಲ್ಲು ಹೇಗೆ ಉಳೀತು?”

“ಮಳಿಗೆ ಕಿತ್ತು ಬಿದ್ದಿದ್ದೂ. ಚಂದ ಅದಾವಂತ ಫ್ರಿಜ್ಜಿಗೆ ಹಚ್ಚಿದ್ದೆ.” ಶಾರದವ್ವ ದನಿ ತಗ್ಗಿಸಿದರು. “ಆವತ್ತಿಂದ ನಮ್ಮ ಸಾಹೇಬ್ರು ಏನಂತಾರ ಗೊತ್ತೇನು? ‘ಶಾರದಾ, ಈ ವರ್ಷ ಬೆಟ್ನರ್ ಹಿಡಿತ ಇನ್ನೂ ಪಳಗೇತಿ ನೋಡು’ ಅಂತಾರ. ಪ್ರತಿ ವರ್ಷಾನೂ! ನಿಂದೇನಾತು? ಅದನ್ನರ ಹೇಳು.”

“ಆಯುಧಪೂಜೆ ನಿಂಬೆಹಣ್ಣಿನ ಜೊತೆ... ಕಾರು ಹತ್ತಿಸಿಬಿಟ್ಟೆ.”

ಶಾರದವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಮೈ ಕುಲುಕಿಸಿ, ಸದ್ದಿಲ್ಲದೆ ನಕ್ಕರು. ವಿನೋದಾಗೆ ನಗು ಬರಲಿಲ್ಲ.

“ಅಕ್ಕ, ಅಲ್ಲಿ ನಾಲ್ಕು ಜನ ತಮ್ಮದು ನಕಲಿ ಅಂತ ಒದ್ದಾಡ್ತಿದ್ದಾರೆ. ನಮ್ಮನೆಯವರ ಮುಖ ನೋಡಿದ್ರಾ? ನಾನು ಹೇಳ್ಬಿಡ್ತೀನಿ.”

“ಹೇಳು. ಹೇಳಿದ್ರ ನನಗೇನಾಗ್ತೈತಿ? ಒಂದ ವರ್ಷ ಮಾತ ಬಿಡ್ತಾರ, ಮನಿ ತಣ್ಣಗಿರ್ತೈತಿ. ನಿನ್ನ ಕೆಲಸ ಏನಾಗ್ತೈತಿ ಅದನ್ನ ಯೋಚಿಸು. ಆ ಶೀತಲಕ್ವಾಣ್ಯಾಗ ಕುಂತು ಲೇಬಲ್ಲ ಹಚ್ಚೋ ಕೆಲಸ ಬೇಕಂತ ಒಂಬತ್ತ ವರ್ಷ ಕಾದೀ. ನನಗೂ ಒಂದಾನೊಂದ ಕಾಲಕ್ಕ ಶಾಲಿ ಮಾಸ್ತರಿಕಿ ಸಿಗೂದಿತ್ತವಾ, ಹುಬ್ಬಳ್ಳ್ಯಾಗ.” ಅವರು ಅದನ್ನು ಮುಂದುವರಿಸಲಿಲ್ಲ. ತಟ್ಟೆಗೆ ಹಪ್ಪಳ ಜೋಡಿಸತೊಡಗಿದರು. “ಹಾದಿ ನಿನ್ನದು.”

ಅವಳು ಹೊರಗೆ ಬರುವ ಹೊತ್ತಿಗೆ ಬಳಗದ ನಿಯಮಾವಳಿ ತಿದ್ದುಪಡಿಯಾಗುತ್ತಿತ್ತು. ಅಸಲಿ ಬೆಟ್ನರ್ ಇಲ್ಲದವರು ಪೂರ್ಣ ಸದಸ್ಯರಾಗಿರುವುದು ಸರಿಯಲ್ಲ ಎಂದು ಕೃಷ್ಣಸ್ವಾಮಿಯೇ ಸೂಚಿಸಿದರು, ಮಹಾಂತಪ್ಪ ಅನುಮೋದಿಸಿದರು. ನಿರ್ಣಯ ಒಮ್ಮತದಿಂದ ಅಂಗೀಕಾರವಾಯಿತು. ಆ ಕ್ಷಣದಿಂದ ಬೆಟ್ನರ್ ಬಳಗದಲ್ಲಿ ಉಳಿದ ಪೂರ್ಣ ಸದಸ್ಯರು ಒಬ್ಬರು. ಉಳಿದ ನಾಲ್ವರು ‘ಅಭಿಮಾನಿಗಳು’. ಮುಂದಿನ ವರ್ಷದ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮೂರೂ ಸಂಗನಬಸಪ್ಪನವರೇ. ಅವರು ಎದ್ದು ನಿಂತು, ಭಾರವಾದ ದನಿಯಲ್ಲಿ, ಜವಾಬ್ದಾರಿಯನ್ನು ಒಪ್ಪಿಕೊಂಡರು.

“ಇನ್ನೊಂದ ಮಾತು,” ಎಂದರು. “ಐದು ಜೋಡಿ ಒಂದ ಮನ್ಯಾಗ ಇದ್ದೂ. ಅಸಲಿ ಯಾವುದು, ನಕಲಿ ಯಾವುದು ಯಾರಿಗೂ ಗೊತ್ತಿರಲಿಲ್ಲ. ಆದ್ರ ನನ್ನ ಜೋಡಿ ಗೀರಿಲ್ಲದ ಬಂತು. ವಿನೋದಾ, ಮುಂದಿನ ಸೋಮವಾರ ಎಂಟಕ್ಕ ಲ್ಯಾಬಿಗೆ ಬಾ. ಲೇಬಲ್ಲು, ದಾಖಲಿ ಎಲ್ಲಾ ನಿನ್ನ ಕೈಯಾಗ. ನನಗ ಬೇಕಾದದ್ದು ಒಂದ: ಬಾಟ್ಲಿ ಮ್ಯಾಲ ಏನ ಬರದೇತಿ, ಒಳಗ ಅದ ಇರಬೇಕು.”

ಎಲ್ಲರೂ ಚಪ್ಪಾಳೆ ತಟ್ಟಿದರು. ವಿನೋದಾ ತಲೆ ಬಗ್ಗಿಸಿದಳು. ವಿನಯ ಎಂದುಕೊಂಡರು. ಚಪ್ಪಾಳೆ ತಟ್ಟದವನು ಗೋಪಿನಾಥ ಒಬ್ಬನೇ, ಯಾಕೆಂದರೆ ಅವನು ಅಲ್ಲಿರಲಿಲ್ಲ.

ಅವನು ಕ್ಯಾಬಿನ್ನಿನ ಹಿಂದೆ, ಸೌದೆಯ ರಾಶಿಯ ಪಕ್ಕ, ತನ್ನ ಎರಡು ಕೋಲುಗಳನ್ನು ಹಿಮಕ್ಕೆ ಚುಚ್ಚಿ ನಿಂತಿದ್ದ. ಮೂಗು ಕೆಂಪಾಗಿತ್ತು. ಚಳಿಗೋ ಇನ್ನೇನಕ್ಕೋ ಹೇಳುವುದು ಕಷ್ಟ. ವಿನೋದಾ ಶಾಲು ಹೊದ್ದು ಹತ್ತಿರ ಬಂದಳು. ಸಭೆಯ ಕೋಣೆಯಿಂದ ಇಲ್ಲಿಯವರೆಗಿನ ಇಪ್ಪತ್ತು ಹೆಜ್ಜೆಯಲ್ಲಿ ಅವಳು ತೀರ್ಮಾನ ಮಾಡಿಯಾಗಿತ್ತು: ಇವರಿಗೆ ಹೇಳಬೇಕು. ಬೇರೆ ಯಾರಿಗೆ ಅಲ್ಲದಿದ್ದರೂ ಇವರಿಗೆ. ಇವರು ಒಳಗೆ ಹೋಗಿ ಎಲ್ಲರೆದುರು ಹೇಳಿದರೂ ಹೇಳಲಿ. ಕೆಲಸ ಹೋಗುತ್ತದೆ, ಹೋಗಲಿ. ಗಂಡನ ಮುಖ ಹೀಗೆ ನೋಡುವುದಕ್ಕೆ ಆಗುವುದಿಲ್ಲ.

“ರೀ, ಒಂದು ವಿಷಯ ಹೇಳ್ಬೇಕು.”

“ಗೊತ್ತಾಯ್ತು. ಕಿಟಕಿಯಿಂದ ಕೇಳಿಸ್ತು. ಕೆಲಸ ಸಿಕ್ತಲ್ಲ. ಒಳ್ಳೇದಾಯ್ತು.”

“ಅದಲ್ಲ...”

“ಒಂಬತ್ತು ವರ್ಷ ವಿನು. ಒಂಬತ್ತು ವರ್ಷ ನಾನು ಇದನ್ನ ಹಿಡ್ಕೊಂಡು ಅವ್ರ ಜೊತೆ ಸಮಾನವಾಗಿ ನಿಂತಿದ್ದೆ.” ಅವನು ಕೋಲಿನ ಹಿಡಿಯನ್ನು ಬೆರಳಿನಿಂದ ಸವರಿದ. “ನಿಜ ಹೇಳ್ಲಾ? ತಪ್ಪು ತಿಳ್ಕೋಬೇಡ. ನಿನ್ನ ಕೆಲಸ ಇವತ್ತಲ್ದಿದ್ರೆ ನಾಳೆ ಎಲ್ಲಾದ್ರೂ ಸಿಗ್ತಿತ್ತು, ಸಿಗದಿದ್ರೂ ನಡೀತಿತ್ತು. ಮನೇಲಿ ನಿನಗೇನು ಕಷ್ಟ ಇತ್ತು ಹೇಳು. ಅದು ಹೋಗಿ ಇದೊಂದು ಅಸಲಿ ಆಗಿದ್ದಿದ್ರೆ ಸಾಕಾಗಿತ್ತು ನೋಡು.”

ಅವನು ತುಂಬ ಪ್ರಾಮಾಣಿಕವಾಗಿ, ನೋವಿನಿಂದ, ಯಾವ ಕೆಟ್ಟ ಉದ್ದೇಶವೂ ಇಲ್ಲದೆ ಆ ಮಾತು ಹೇಳಿದ. ಹೇಳಿ, ಅವಳು ಸಮಾಧಾನ ಮಾಡುತ್ತಾಳೆಂದು ಕಾದ.

ವಿನೋದಾ ಅವನನ್ನು ನೋಡಿದಳು. ಹಿಮಕ್ಕೆ ಚುಚ್ಚಿ ನಿಂತ ಎರಡು ಕೋಲುಗಳನ್ನು ನೋಡಿದಳು. ಹತ್ತು ಕೋಲಿನಲ್ಲಿ ಇವು ಬೆಟ್ನರನ ಕೈಯಿಂದ ಬಂದದ್ದಕ್ಕೆ ಯಾವ ಅನುಮಾನವೂ ಇರಲಿಲ್ಲ.

“ಏನೋ ಹೇಳ್ಬೇಕು ಅಂದೆ?”

ಒಳಗೆ ಕೃಷ್ಣಸ್ವಾಮಿ ಶ್ರುತಿ ಪೆಟ್ಟಿಗೆಯನ್ನು ಇನ್ನೂ ನಿಲ್ಲಿಸಿರಲಿಲ್ಲ. ಅವಳು ಮಾತುಗಳನ್ನು ಆರಿಸಿಕೊಂಡು ಆಡುವವಳು.

“ಸೋಮವಾರ ಎಂಟಕ್ಕೆ ಹೋಗ್ಬೇಕು,” ಎಂದಳು. “ಅನೂನ ಸ್ಕೂಲಿಗೆ ಬಿಡೋದು ಇನ್ಮೇಲೆ ನಿಮ್ಮ ಕೆಲ್ಸ. ಅದನ್ನೇ ಹೇಳೋಣ ಅಂತ ಬಂದೆ.”

ಅವನಿಗೂ ಹೇಳುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಮನಸ್ಸಿನಲ್ಲೇ ಒಮ್ಮೆ ಸ್ಪಷ್ಟವಾಗಿ ಹೇಳಿಕೊಂಡು, ಶಾಲು ಬಿಗಿಮಾಡಿ, ಅವಳು ಒಳಗೆ ನಡೆದಳು.